ಗುಂಪು ಬದಲಾದರೆ ಗುಣ ಬದಲು: ಡಾ. ಯಲ್ಲಾಪ್ರಗಡ ಸುಬ್ಬರಾವ್

ನಮ್ಮ ಕಾಸರಗೋಡು, ಕನ್ನಡಿಗರ ರೊಳ್ಳ, ತೆಲುಗರ ಭೀಮವರಂ ಮೂರೂ ಒಂದು ಕಾಲಕ್ಕೆ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಊರುಗಳು. ಆ ಭೀಮವರಂನಲ್ಲಿ 1895ರ ಜನವರಿ 12ರಂದು ಸುಬ್ಬರಾವ್ ಜನಿಸಿದರು. ಸ್ಪ್ರೂ ಎಂಬ ಕರುಳಿನ ಬೇನೆ ಅವರ ಇಬ್ಬರು ಸೋದರರನ್ನು ಬಲಿ ತೆಗೆದುಕೊಂಡಿತು. ಮದ್ರಾಸಿನಲ್ಲಿ ವೈದ್ಯಶಾಸ್ತ್ರ ಕಲಿತು 1920ರ ದಶಕದಲ್ಲಿ ಅಮೆರಿಕೆಗೆ ಹೋದರು.

ಸಾವಯವ ವಸ್ತುಗಳ ಕುಲ ತಿಳಿಯುವುದು ಅವುಗಳ ಕ್ರಿಯಾ ಗುಂಪಿನಿಂದ. ಇಂಗಾಲದ ಸರಪಳಿಗೆ ಹೈಡ್ರಾಕ್ಸಿಲ್ ಸೇರಿದರೆ ಆಲ್ಕೊಹಾಲ್, ಕಾರ್ಬಾಕ್ಸಿಲ್ ಸೇರಿದರೆ ಆಮ್ಲ, ಅಮೈನೋ ಸೇರಿದರೆ ಅಮೈನ್. ಗುಂಪು ಬದಲಾದರೆ ಗುಣವೂ ಬದಲು.

ಲೆಡರ್ಲೆ ಸಂಸ್ಥೆಯಲ್ಲಿ ಸುಬ್ಬರಾವ್ ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿತು. ಅದು ಸ್ಪ್ರೂ ರೋಗಕ್ಕೇ ಮದ್ದಾಯಿತು. ಅದರಲ್ಲಿನ ಒಂದು ಹೈಡ್ರಾಕ್ಸಿಲಿನ ಜಾಗದಲ್ಲಿ ಅಮೈನೋ ಇರಿಸಿದಾಗ ಅಮೈನೋಪ್ಟೆರಿನ್ ದೊರೆಯಿತು. ಮೊದಲಿನದು ಜೀವಕೋಶಗಳನ್ನು ಬೆಳೆಸುವಂಥದು, ಇದು ಬೆಳವಣಿಗೆಯನ್ನು ತಡೆಯುವಂಥದು. ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಇದನ್ನು ರಕ್ತದ ಕ್ಯಾನ್ಸರ್ ತಗಲಿದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಕೆಲಕಾಲ ಚೇತರಿಸಿಕೊಂಡರೆಂದು 1948ರಲ್ಲಿ ವರದಿಯಾಯಿತು.

ಅದೇ ವರ್ಷದ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ತೀರಿಕೊಂಡರು. ಅಮೈನೋಪ್ಟೆರಿನ್ನಿನ ಬಳಗದ್ದೇ ಆದ ಮೆಥೊಟ್ರೆಕ್ಸೇಟ್ ಇಂದಿಗೂ ಆಸ್ಪತ್ರೆಗಳಲ್ಲಿ ಮಕ್ಕಳ ಜೀವ ಉಳಿಸುತ್ತಿದೆ.