ಎರಡು ಅವಧಿಗಳ ನಡುವೆ ಲವಾಸಿಯೆ

ಅಭ್ಯಾಸ ಬೋಧನೆಯ ಮೂರನೇ ವಾರ ನಾನು ಒಂಬತ್ತನೇ ತರಗತಿಗೆ ರಾಶಿ ಸಂರಕ್ಷಣೆಯ ನಿಯಮವನ್ನು ಬೋಧಿಸಿದೆ. ಪಾಠದ ಕೊನೆಗೆ, ಈ ನಿಯಮ ಕೊಟ್ಟ ಲವಾಸಿಯೆಯ ತಲೆಯನ್ನು ಫ್ರಾನ್ಸಿನ ಕ್ರಾಂತಿಕಾರಿಗಳು ಕಡಿದರು ಎಂದು ಹೇಳಿದ್ದೆ. ಮಕ್ಕಳು ಬೇಸರಪಟ್ಟರು. ಎರಡು ದಿನಗಳ ನಂತರ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದರು. ಫ್ರಾನ್ಸಿನ ಮಹಾಕ್ರಾಂತಿಯ ಒಂದು ಅವಧಿ ನನ್ನ ಪಾಲಿಗೆ ಬಂತು. ಉಪ್ಪಿನ ತೆರಿಗೆ, ಹಸಿದ ರೈತ, ಸಮಾನತೆ ಎಂದೆಲ್ಲ ಉತ್ಸಾಹದಿಂದ ಹೇಳುತ್ತಿದ್ದಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕ್ರಾಂತಿ ಒಳ್ಳೆಯದಾದರೆ ನಮ್ಮ ವಿಜ್ಞಾನಿಯನ್ನು ಯಾಕೆ ಕೊಂದರು ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಆ ರಾತ್ರಿ ಓದಿ ಸಿದ್ಧಪಡಿಸಿಕೊಂಡ ಜೀವನಕಥೆ ಇದು.

ಆಂಟೊನಿ ಲವಾಸಿಯೆ 1743ರ ಆಗಸ್ಟ್ 26ರಂದು ಪ್ಯಾರಿಸ್‌ನಲ್ಲಿ ವಕೀಲರೊಬ್ಬರ ಮಗನಾಗಿ ಹುಟ್ಟಿದ. ಐದರ ವಯಸ್ಸಿಗೆ ತಾಯಿ ತೀರಿಕೊಂಡಳು. ಮನೆಯವರ ಇಚ್ಛೆಯಂತೆ ಕಾನೂನು ಓದಿದ, ಮನಸ್ಸು ಮಾತ್ರ ವಿಜ್ಞಾನದ ಕಡೆಗಿತ್ತು. 1768ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ. ಅದೇ ವರ್ಷ ಇನ್ನೊಂದು ಕೆಲಸವನ್ನೂ ಮಾಡಿದ. ತೆರಿಗೆ ಗುತ್ತಿಗೆದಾರರ ಸಂಸ್ಥೆಯಲ್ಲಿ ಪಾಲು ಕೊಂಡ.

ಈ ಸಂಸ್ಥೆ ಏನೆಂದು ತಿಳಿಯದೆ ಉಳಿದ ಕಥೆ ಅರ್ಥವಾಗುವುದಿಲ್ಲ. ಉಪ್ಪು, ತಂಬಾಕು, ಊರೊಳಗೆ ಬರುವ ಸರಕು ಮುಂತಾದವುಗಳ ಮೇಲಿನ ತೆರಿಗೆಯನ್ನು ರಾಜ ತಾನೇ ವಸೂಲು ಮಾಡುತ್ತಿರಲಿಲ್ಲ. ಒಂದು ಮೊತ್ತಕ್ಕೆ ಈ ಗುತ್ತಿಗೆದಾರರಿಗೆ ವಹಿಸುತ್ತಿದ್ದ. ಅವರು ರಾಜನಿಗೆ ಕೊಡಬೇಕಾದ್ದನ್ನು ಕೊಟ್ಟು, ಮಿಕ್ಕಿದ್ದನ್ನು ತಾವು ಇಟ್ಟುಕೊಳ್ಳುತ್ತಿದ್ದರು. ಅವರಿಗೆ ಸ್ವಂತ ಶಸ್ತ್ರಧಾರಿ ಕಾವಲುಗಾರರಿದ್ದರು, ಅವರು ಮನೆಗಳಿಗೆ ನುಗ್ಗಿ ಶೋಧಿಸಬಹುದಿತ್ತು. ಉಪ್ಪಿನ ತೆರಿಗೆ ಅತಿ ಹೆಚ್ಚಿದ್ದ ಪ್ರಾಂತ್ಯಗಳಲ್ಲಿ ಬೇಕಿರಲಿ ಬೇಡವಿರಲಿ, ವರ್ಷಕ್ಕೆ ಇಂತಿಷ್ಟು ಉಪ್ಪು ಕೊಳ್ಳಲೇಬೇಕಿತ್ತು. ಕಳ್ಳ ಉಪ್ಪು ಸಾಗಿಸಿದವರನ್ನು ಹಡಗಿನ ಹುಟ್ಟು ಹಾಕುವ ಶಿಕ್ಷೆಗೆ ಕಳಿಸುತ್ತಿದ್ದರು. ದಂಡಿಯ ಉಪ್ಪಿನ ಸತ್ಯಾಗ್ರಹ ನಮ್ಮ ಮಕ್ಕಳಿಗೆ ಗೊತ್ತಿರುವುದರಿಂದ ಈ ಭಾಗವನ್ನು ವಿವರಿಸುವುದು ಕಷ್ಟವಾಗಲಿಲ್ಲ.

1771ರಲ್ಲಿ ಸಹಗುತ್ತಿಗೆದಾರ ಪೌಲ್ಜ್‌ನ ಮಗಳು ಮೇರಿ ಆನ್‌ಳನ್ನು ಲವಾಸಿಯೆ ಮದುವೆಯಾದ. ಅವನಿಗೆ 28, ಅವಳಿಗೆ 13. ಆ ಬಾಲಕಿ ಮುಂದೆ ಗಂಡನ ಪ್ರಯೋಗಾಲಯದ ಅರ್ಧ ಶಕ್ತಿಯಾದಳು. ಇಂಗ್ಲಿಷ್ ಕಲಿತು ಬ್ರಿಟಿಷ್ ರಸಾಯನಶಾಸ್ತ್ರಜ್ಞರ ಬರಹಗಳನ್ನು ಅನುವಾದಿಸಿದಳು, ಪ್ರಯೋಗದ ಟಿಪ್ಪಣಿ ಬರೆದಳು, ಉಪಕರಣಗಳ ಚಿತ್ರ ಬಿಡಿಸಿದಳು. ನಮ್ಮ ಪಠ್ಯದಲ್ಲಿ ಅವಳ ಹೆಸರಿಲ್ಲ.

1775ರಲ್ಲಿ ಸರ್ಕಾರ ಲವಾಸಿಯೆಯನ್ನು ಮದ್ದುಗುಂಡಿನ ಆಡಳಿತಕ್ಕೆ ನೇಮಿಸಿತು. ದಂಪತಿ ಶಸ್ತ್ರಾಗಾರದ ಆವರಣಕ್ಕೆ ಬಂದು ಅಲ್ಲೇ ಪ್ರಯೋಗಾಲಯ ಕಟ್ಟಿದರು. ಹಗಲಿಗೆ ತೆರಿಗೆ ಮತ್ತು ಮದ್ದಿನ ಲೆಕ್ಕ, ಬೆಳಗಿನ ಜಾವ ಮತ್ತು ರಾತ್ರಿ ವಿಜ್ಞಾನ. ಇವನ ಕಾಲದಲ್ಲಿ ಫ್ರಾನ್ಸಿನ ಮದ್ದಿನ ಗುಣಮಟ್ಟ ಸುಧಾರಿಸಿತು, ಬ್ರಿಟನ್ ವಿರುದ್ಧ ಹೋರಾಡುತ್ತಿದ್ದ ಅಮೆರಿಕನ್ನರಿಗೂ ಅದು ತಲುಪಿತು. ಅಮೆರಿಕದ ಕ್ರಾಂತಿಯ ಪಾಠಕ್ಕೂ ಇವನನ್ನು ಕರೆತರಬಹುದು ಎಂಬುದು ನನಗೆ ಆಗಲೇ ಹೊಳೆದದ್ದು.

ರಸಾಯನಶಾಸ್ತ್ರದ ವಿದ್ಯಾರ್ಥಿನಿಯಾದ ನಾನು ಇಲ್ಲಿ ಸ್ವಲ್ಪ ನಿಲ್ಲಲೇಬೇಕು. ಆಗ ಎಲ್ಲರೂ ವಸ್ತು ಉರಿದಾಗ ಫ್ಲೋಜಿಸ್ಟನ್ ಎಂಬುದು ಹೊರಗೆ ಹೋಗುತ್ತದೆ ಎಂದು ನಂಬಿದ್ದರು. ಲವಾಸಿಯೆ ನಂಬಿದ್ದು ತಕ್ಕಡಿಯನ್ನು. ಪಾದರಸವನ್ನು ಮುಚ್ಚಿದ ಗಾಳಿಯಲ್ಲಿ ಹನ್ನೆರಡು ದಿನ ಕಾಯಿಸಿದ. ಕೆಂಪು ಪುಡಿ ಉಂಟಾಯಿತು, ಗಾಳಿಯ ಸುಮಾರು ಆರನೇ ಒಂದು ಭಾಗ ಕಡಿಮೆಯಾಯಿತು. ಆ ಪುಡಿಯನ್ನು ಹೆಚ್ಚು ಕಾಯಿಸಿದಾಗ ಕಳೆದುಹೋದಷ್ಟೇ ಅನಿಲ ಮರಳಿ ಬಂತು. ಬ್ರಿಟನ್ನಿನ ಪ್ರೀಸ್ಟ್ಲಿ ಆ ಅನಿಲವನ್ನು ಮೊದಲೇ ಪಡೆದಿದ್ದ, 1774ರಲ್ಲಿ ಪ್ಯಾರಿಸ್‌ಗೆ ಬಂದಾಗ ಲವಾಸಿಯೆಗೆ ಅದನ್ನು ತಿಳಿಸಿಯೂ ಇದ್ದ. ಅದಕ್ಕೆ ಸಲ್ಲಬೇಕಾದ ಗೌರವವನ್ನು ಲವಾಸಿಯೆ ಧಾರಾಳವಾಗಿ ಕೊಡಲಿಲ್ಲ. ಆದರೆ ಅನಿಲದ ಅರ್ಥ ಕಂಡವನು ಇವನೇ, ಆಕ್ಸಿಜನ್ ಎಂದು ಹೆಸರಿಟ್ಟವನೂ ಇವನೇ. 1787ರಲ್ಲಿ ಮೂವರು ಸಂಗಡಿಗರೊಂದಿಗೆ ರಾಸಾಯನಿಕಗಳಿಗೆ ಹೊಸ ಹೆಸರಿನ ಪದ್ಧತಿ ರೂಪಿಸಿದ. 1789ರಲ್ಲಿ ಬಂದ ಅವನ ಪಠ್ಯಪುಸ್ತಕದಲ್ಲಿ 33 ಸರಳ ಪದಾರ್ಥಗಳ ಪಟ್ಟಿಯಿತ್ತು. ಬೆಳಕು ಮತ್ತು ಶಾಖವೂ ಆ ಪಟ್ಟಿಯಲ್ಲಿದ್ದವು.

ಈ ಪ್ರಯೋಗಗಳಿಗೆ ಖರ್ಚಾದ ಹಣದ ದೊಡ್ಡ ಪಾಲು ತೆರಿಗೆ ಗುತ್ತಿಗೆಯಿಂದ ಬಂದದ್ದು. ಇದನ್ನು ನಾನು ವಿಜ್ಞಾನದ ಅವಧಿಯಲ್ಲಿ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ.

ಅವನಿಗೆ ಕಂಟಕವಾದದ್ದು ಒಂದು ಗೋಡೆ. ಪ್ಯಾರಿಸ್‌ಗೆ ಕಳ್ಳಸಾಗಣೆಯಿಂದ ಬರುವ ಸರಕನ್ನು ತಡೆಯಲು ಇಡೀ ನಗರದ ಸುತ್ತ ಗೋಡೆ ಕಟ್ಟಬೇಕೆಂಬ ಸಲಹೆ ಲವಾಸಿಯೆಯದು. 1780ರ ದಶಕದಲ್ಲಿ ಕೋಟ್ಯಂತರ ಲಿವರ್ ವೆಚ್ಚದಲ್ಲಿ ಅದು ಎದ್ದಿತು. ಅದರ ಸುಂಕದ ಕಟ್ಟೆಗಳಿಗೆ ಜನ ಬೆಂಕಿ ಹಚ್ಚಿದ್ದು 1789ರ ಜುಲೈನಲ್ಲಿ, ಬ್ಯಾಸ್ಟಿಲ್ ಬೀಳುವುದಕ್ಕೆ ಒಂದೆರಡು ದಿನ ಮುಂಚೆ. ಬ್ಯಾಸ್ಟಿಲ್ ಮಾತ್ರ ಹೇಳಿ ಈ ಸುಂಕದ ಕಟ್ಟೆಗಳನ್ನು ನಾವು ಬಿಟ್ಟುಬಿಡುತ್ತೇವೆ. 1791ರ ಆರಂಭದಲ್ಲಿ ಪತ್ರಕರ್ತ ಮಾರಾ ತನ್ನ ಪತ್ರಿಕೆಯಲ್ಲಿ ಲವಾಸಿಯೆಯ ಮೇಲೆ ಹರಿಹಾಯ್ದ. ಈ ಗೋಡೆ ಪ್ಯಾರಿಸ್‌ನ ಗಾಳಿಯನ್ನೇ ಕಟ್ಟಿಹಾಕಿತೆಂಬುದು ಅವನ ಆರೋಪಗಳಲ್ಲೊಂದು. ಬೆಂಕಿಯ ಕುರಿತ ಮಾರಾನ ಸಂಶೋಧನೆಗೆ ಅಕಾಡೆಮಿ ಹಿಂದೆ ಮನ್ನಣೆ ಕೊಟ್ಟಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಲವಾಸಿಯೆ ಕ್ರಾಂತಿಯ ಶತ್ರುವಾಗಿರಲಿಲ್ಲ. ತೆರಿಗೆ ಸುಧಾರಣೆ ಬೇಕೆಂದಿದ್ದ, ಕ್ಷಾಮದ ಸಮಯದಲ್ಲಿ ಬ್ಲೋವಾ ಪಟ್ಟಣಕ್ಕೆ ಧಾನ್ಯ ಕೊಳ್ಳಲು ತನ್ನ ಹಣ ಸಾಲ ಕೊಟ್ಟಿದ್ದ. ಹೊಸ ಸರ್ಕಾರದ ತೂಕ ಮತ್ತು ಅಳತೆಗಳ ಆಯೋಗದಲ್ಲಿ ದುಡಿದ. ಇಂದು ನಾವು ಬಳಸುವ ಮೆಟ್ರಿಕ್ ಪದ್ಧತಿಯ ಹಿಂದೆ ಆ ಆಯೋಗದ ಕೆಲಸವಿದೆ. 1791ರಲ್ಲಿ ತೆರಿಗೆ ಗುತ್ತಿಗೆ ರದ್ದಾಯಿತು. 1793ರ ನವೆಂಬರ್‌ನಲ್ಲಿ ಹಳೆಯ ಗುತ್ತಿಗೆದಾರರ ಬಂಧನಕ್ಕೆ ಆಜ್ಞೆ ಬಂತು. ಕೆಲವು ದಿನ ಅಡಗಿದ್ದು, ಬಳಿಕ ಮಾವನೊಂದಿಗೆ ತಾನೇ ಹೋಗಿ ಶರಣಾದ. ಆಯೋಗದ ಕೆಲವರು ಬಿಡುಗಡೆ ಕೋರಿದರು, ಫಲ ಸಿಗಲಿಲ್ಲ. ಹೆಸರಿಡುವ ಕೆಲಸದಲ್ಲಿ ಜೊತೆಗಿದ್ದ ಇಬ್ಬರು ಆಗ ಶಾಸನಸಭೆಯಲ್ಲೇ ಇದ್ದರು. ಅವರಿಂದಲೂ ಅವನ ಜೀವ ಉಳಿಯಲಿಲ್ಲ.

1794ರ ಮೇ 8ರಂದು ವಿಚಾರಣೆ ನಡೆಯಿತು. ತಂಬಾಕಿಗೆ ಅತಿಯಾಗಿ ನೀರು ಬೆರೆಸಿದ್ದು, ಜನರ ವಿರುದ್ಧ ಪಿತೂರಿ ಮಾಡಿದ್ದು ಇತ್ಯಾದಿ ಆರೋಪಗಳು. ಅಂದೇ ತೀರ್ಪು, ಅಂದೇ 28 ಮಂದಿಯ ತಲೆದಂಡ. ಮೂರನೆಯವನು ಮಾವ ಪೌಲ್ಜ್, ನಾಲ್ಕನೆಯವನು ಲವಾಸಿಯೆ. ವಯಸ್ಸು ಐವತ್ತು. ನ್ಯಾಯಾಧೀಶನ ಬಾಯಿಗೆ ಹಾಕಿರುವ ಒಂದು ಮಾತು ಮತ್ತು ಕಡಿದ ತಲೆ ಕಣ್ಣು ಮಿಟುಕಿಸಿದ ಕಥೆ ಮಕ್ಕಳಿಗೆ ಮೊಬೈಲ್‌ನಲ್ಲಿ ಸಿಗುತ್ತವೆ. ಎರಡಕ್ಕೂ ಆ ಕಾಲದ ಗಟ್ಟಿ ಆಧಾರವಿಲ್ಲದ ಕಾರಣ ನಾನು ತರಗತಿಯಲ್ಲಿ ಹೇಳಲಿಲ್ಲ.

ಒಂದೂವರೆ ವರ್ಷದೊಳಗೆ ಹೊಸ ಸರ್ಕಾರ ಜಪ್ತಿ ಮಾಡಿದ ವಸ್ತುಗಳನ್ನು ಮೇರಿ ಆನ್‌ಗೆ ಹಿಂತಿರುಗಿಸಿತು. ಒಂದೇ ದಿನ ತಂದೆಯನ್ನೂ ಗಂಡನನ್ನೂ ಕಳೆದುಕೊಂಡವಳು ಗಂಡನ ಪ್ರಬಂಧಗಳನ್ನು ಮುದ್ರಿಸಿ ವಿಜ್ಞಾನಿಗಳಿಗೆ ಹಂಚಿದಳು. 1836ರವರೆಗೆ ಬದುಕಿದಳು.

ಬೋಧನೋಪಕರಣವಾಗಿ 1788ರಲ್ಲಿ ದಾವಿದ್ ಬರೆದ ಈ ದಂಪತಿಯ ಚಿತ್ರವನ್ನು ತೋರಿಸಿದೆ. ಮೇಜಿನ ಮೇಲೆ ಗಾಜಿನ ಉಪಕರಣಗಳಿವೆ. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದವರು ಬಣ್ಣದ ಕೆಳಪದರವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯಂತೆ, ಮೊದಲು ಬರೆದ ರೂಪದಲ್ಲಿ ಆ ಉಪಕರಣಗಳಿರಲಿಲ್ಲ. ಮೇರಿ ಆನ್ ತಲೆಯ ಮೇಲೆ ದೊಡ್ಡ ಅಲಂಕಾರದ ಟೋಪಿ ಇತ್ತು. ಅದು ಶ್ರೀಮಂತ ದಂಪತಿಯ ಚಿತ್ರವಾಗಿತ್ತು. ಬರೆದ ದಾವಿದ್ ಮುಂದೆ ಕ್ರಾಂತಿಯ ಮುಖಂಡರಲ್ಲೊಬ್ಬನಾದ.

ಮೂರನೇ ಬೆಂಚಿನ ಹುಡುಗಿ ಚಿತ್ರವನ್ನು ಬಹಳ ಹೊತ್ತು ನೋಡಿ, ಉಪ್ಪು ಕದ್ದು ಹಡಗಿಗೆ ಹೋದವರ ಚಿತ್ರವೂ ಇದೆಯೇ ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪಾಠಕ್ಕೆ ಮುಕ್ತಾಯದ ಹಂತ ಇರಲಿಲ್ಲವೆಂದು ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು.