ಡಾಕ್ಟರ್ ಲೂಸಿ ವಿಲ್ಸ್ ಅವರ ಚರಿತ್ರೆ

ಗರ್ಭಿಣಿಯ ರಕ್ತವು ದಿನದಿನಕ್ಕೆ ಕ್ಷೀಣಿಸಿ, ಮುಖವು ಬಿಳಿಚಿಕೊಂಡು, ತಾಯಿಯೂ ಕೂಸೂ ಅಳಿಯುವಂಥ ವ್ಯಾಧಿಯೊಂದು ಹಿಂದೆ ಬೊಂಬಾಯಿಯ ಬಟ್ಟೆಗಿರಣಿಗಳ ಬಡ ಸ್ತ್ರೀಯರಲ್ಲಿ ಹೆಚ್ಚಾಗಿದ್ದಿತು. ಇದರ ಪರಿಹಾರವನ್ನು ಕಂಡುಹಿಡಿದವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಅವರ ತಾಯ್ತಂದೆಗಳ ಮುಂದೆಯೂ ಇಡಲು ಅಪೇಕ್ಷಿಸುತ್ತೇವೆ.

ಲೂಸಿ ವಿಲ್ಸ್ ಅವರು 1888ನೆಯ ಇಸವಿ ಮೇ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದ ಸಮೀಪದಲ್ಲಿ ಜನಿಸಿದರು. ಕೇಂಬ್ರಿಜ್ಜಿನಲ್ಲಿ ಸಸ್ಯಶಾಸ್ತ್ರವನ್ನೂ ಭೂಗರ್ಭಶಾಸ್ತ್ರವನ್ನೂ ಓದಿ 1911ರಲ್ಲಿ ಪರೀಕ್ಷೆಯನ್ನು ಮುಗಿಸಿದರು. ಆದರೆ ಆ ವಿಶ್ವವಿದ್ಯಾನಿಲಯವು 1948ರ ವರೆಗೂ ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಡುತ್ತಿರಲಿಲ್ಲ! ಬಳಿಕ ಲಂಡನ್ನಿನಲ್ಲಿ ಸ್ತ್ರೀಯರಿಗಾಗಿಯೇ ಇದ್ದ ವೈದ್ಯಶಾಲೆಯಲ್ಲಿ ಕಲಿತು 1920ರಲ್ಲಿ ಡಾಕ್ಟರಾದರು.

1928ರಲ್ಲಿ ಇವರು ಬೊಂಬಾಯಿಗೆ ಬಂದು ಹಾಫ್ಕಿನ್ ಸಂಸ್ಥೆಯಲ್ಲಿ ಶೋಧನೆಯನ್ನಾರಂಭಿಸಿದರು. ಮುಂದೆ ನೀಲಗಿರಿಯ ಕೂನೂರಿನಲ್ಲಿಯೂ ಮದರಾಸಿನಲ್ಲಿಯೂ ಅದನ್ನು ನಡೆಯಿಸಿದರು. ರೋಗಕ್ಕೆ ಯಾವುದೋ ಕ್ರಿಮಿಯು ಕಾರಣವೆಂದು ಮೊದಲು ಶಂಕೆಯಿದ್ದಿತು. ವಿಲ್ಸ್ ಅವರಾದರೋ ರೋಗಿಗಳು ಏನನ್ನು ಉಣ್ಣುತ್ತಾರೆಂಬುದನ್ನೇ ವಿಚಾರಿಸುತ್ತ ಹೋದರು. ಬಡವರ ಊಟದಂಥ ಊಟವನ್ನೇ ಕೋತಿಗಳಿಗೆ ಹಾಕಲು ಅವುಗಳಿಗೂ ಅದೇ ಬಗೆಯ ರಕ್ತಹೀನತೆಯುಂಟಾಯಿತು. ಮಾರ್ಮೈಟ್ ಎಂಬ ಹುದುಗಿನ ಸಾರವನ್ನು ತಿನ್ನಿಸಲು ಚೇತರಿಸಿಕೊಂಡವು. ಅಗ್ಗವಾದ ಆ ಸಾರವೇ ಗರ್ಭಿಣಿಯರನ್ನೂ ಬದುಕಿಸಿತು. ಈ ವರ್ತಮಾನವು 1931ರಲ್ಲಿ ಪ್ರಕಟವಾಯಿತು. ಸಾರದೊಳಗಿನ ವಸ್ತುವಿಗೆ ಹೆಸರು ಗೊತ್ತಿರಲಿಲ್ಲವಾದ್ದರಿಂದ ವಿಲ್ಸ್ ಅಂಶವೆಂದೇ ಕರೆದರು. 1941ರಲ್ಲಿ ಅಮೇರಿಕದ ವಿಜ್ಞಾನಿಗಳು ನಾಲ್ಕು ಟನ್ನು ಪಾಲಕ್ ಸೊಪ್ಪಿನಿಂದ ಅಂಥದೊಂದು ಜೀವಸತ್ವವನ್ನು ತೆಗೆದು, ಎಲೆಯೆಂಬ ಅರ್ಥದ ಲತೀನ್ ಮಾತಿನಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ವಿಲ್ಸ್ ಅಂಶವೆಂದದ್ದು ಇದೇ ಎಂದು ಕ್ರಮೇಣ ತಿಳಿಯಿತು.

ವಿಲ್ಸ್ ಅವರು ಮದುವೆಯಾಗಲಿಲ್ಲ. 1947ರಲ್ಲಿ ಆಸ್ಪತ್ರೆಯಿಂದ ನಿವೃತ್ತರಾಗಿ, 1964ನೆಯ ಇಸವಿ ಏಪ್ರಿಲ್ 16ರಂದು ತೀರಿಕೊಂಡರು.

ಅವರು ಕಾಣದೆ ಹೋದ ಸಂಗತಿಯು ಇನ್ನೊಂದುಂಟು. ಕೂಸಿನ ಬೆನ್ನುಹುರಿಯೂ ಮಿದುಳೂ ರೂಪುಗೊಳ್ಳುವ ನಾಳವು ಗರ್ಭಧಾರಣೆಯಾದ ಸುಮಾರು 28 ದಿವಸಗಳೊಳಗೆ ಮುಚ್ಚಿಕೊಳ್ಳತಕ್ಕದ್ದು. ಆಗ ತಾನು ಗರ್ಭಿಣಿಯೆಂಬುದೇ ಎಷ್ಟೋ ತಾಯಂದಿರಿಗೆ ತಿಳಿದಿರುವುದಿಲ್ಲ. ಹಿಂದೆ ಅಂಥ ದೋಷವುಳ್ಳ ಶಿಶುವನ್ನು ಹೆತ್ತಿದ್ದ ಸ್ತ್ರೀಯರಿಗೆ ಗರ್ಭಕ್ಕೆ ಮೊದಲಿನಿಂದಲೇ ಫೋಲಿಕ್ ಆಮ್ಲವನ್ನು ಕೊಟ್ಟು ನೋಡಲಾಗಿ, ದೋಷವು ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತೆಂದು 1991ರಲ್ಲಿ ಸಿದ್ಧವಾಯಿತು. ಗರ್ಭಕ್ಕೆ ಮೊದಲೇ ಈ ಸತ್ವವು ಸಾಕಷ್ಟಿದ್ದವರಲ್ಲಿ ಗರ್ಭಕಾಲದ ಮಧುಮೇಹವೂ ಕೊಂಚ ಕಡಿಮೆಯಾಗಿತ್ತೆಂದು ಅಮೇರಿಕದ ದಾದಿಯರ ಲೆಕ್ಕಗಳಿಂದ 2019ರಲ್ಲಿ ತಿಳಿದುಬಂದಿತು. ಇದು ಬರಿಯ ಸಂಬಂಧವೇ ಹೊರತು ಕಾರಣವೆಂದು ರುಜುವಾಗಿಲ್ಲವಾದ್ದರಿಂದ, ನಾವು ಇದನ್ನು ಭರವಸೆಯಾಗಿ ಹೇಳಲಾರೆವು.

ಸೊಪ್ಪು, ಕಾಳು, ಕಿತ್ತಳೆಗಳಲ್ಲಿ ಈ ಸತ್ವವುಂಟು. ಬಹಳ ಹೊತ್ತು ಬೇಯಿಸಿದರೆ ಒಂದು ಪಾಲು ನಾಶವಾಗುತ್ತದೆ, ಒಂದು ಪಾಲು ನೀರಿಗಿಳಿಯುತ್ತದೆ. ಆ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಅಜ್ಜಿಯರು ಅರಿಯದೆಯೇ ಜಾಣರಾಗಿದ್ದರು. ಆದರೆ ಊಟವೊಂದರಿಂದಲೇ ಸಾಲದೆಂದು, ಗರ್ಭವನ್ನು ಬಯಸುವವರು ಮೊದಲಿನಿಂದ ಹಿಡಿದು 12ನೆಯ ವಾರದ ವರೆಗೆ ದಿನಕ್ಕೆ 400 ಮೈಕ್ರೋಗ್ರಾಮಿನ ಗುಳಿಗೆಯನ್ನು ಸೇವಿಸಬೇಕೆಂದು ವೈದ್ಯರು ಹೇಳುತ್ತಾರೆ. ಹಿಂದೆ ಅಂಥ ಕೂಸನ್ನು ಹೆತ್ತವರಿಗೂ ಮಧುಮೇಹವುಳ್ಳವರಿಗೂ ಇನ್ನೂ ಹೆಚ್ಚಿನ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡುವರು.