ಮಾರ್ಗರೆಟ್ ಕಸಿನ್ಸ್

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಬಂಡೆಗಲ್ಲಿನ ಬೆಟ್ಟಗಳ ನಾಡು. ಮಳೆಯನ್ನೇ ನಂಬಿದ ಬಯಲು ಸೀಮೆ. ಇದೇ ಬಗೆಯ ನೆಲವು ಪಾವಗಡದ ಗಡಿಯನ್ನು ದಾಟಿ ಆಂಧ್ರಪ್ರದೇಶದ ರಾಯಲಸೀಮೆಯಲ್ಲಿಯೂ ಹರಡಿದೆ. ಆ ಸೀಮೆಯ ಒಂದು ಊರು ಮದನಪಲ್ಲಿ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಐರ್ಲೆಂಡಿನ ದಂಪತಿಗಳು ಅಧ್ಯಾಪಕ ವೃತ್ತಿಯನ್ನು ಕೈಗೊಂಡು ಆ ಊರಿಗೆ ಬಂದು ನೆಲಸಿದರು. ಪತಿ ಜೇಮ್ಸ್ ಕಸಿನ್ಸ್. ಪತ್ನಿ ಮಾರ್ಗರೆಟ್ ಕಸಿನ್ಸ್.

ಮಾರ್ಗರೆಟ್ ಅವರು 1878ರ ನವೆಂಬರ್ 7ರಂದು ಐರ್ಲೆಂಡಿನ ಬಾಯ್ಲ್ ಎಂಬ ಊರಿನಲ್ಲಿ ಜನಿಸಿದರು. ಸಂಗೀತ ಶಾಸ್ತ್ರದಲ್ಲಿ ಪದವಿಯನ್ನು ಪಡೆದರು. 1903ರಲ್ಲಿ ಕವಿ ಜೇಮ್ಸ್ ಕಸಿನ್ಸ್ ಅವರನ್ನು ವಿವಾಹವಾದರು. ಆಗ ಆ ದೇಶದಲ್ಲಿ ಸ್ತ್ರೀಯರಿಗೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತದಾನದ ಹಕ್ಕು ಇರಲಿಲ್ಲ. ಅದಕ್ಕಾಗಿ 1908ರಲ್ಲಿ ಗೆಳತಿಯರೊಡನೆ ಸಂಘವೊಂದನ್ನು ಸ್ಥಾಪಿಸಿ ಹೋರಾಡಿದ ಮಾರ್ಗರೆಟ್ ಅವರು ಎರಡು ಬಾರಿ ಸೆರೆಮನೆಯನ್ನು ಕಂಡರು.

1915ರಲ್ಲಿ ದಂಪತಿಗಳು ಭಾರತಕ್ಕೆ ಬಂದರು. 1911ರ ಜನಗಣತಿಯಂತೆ ನಮ್ಮ ದೇಶದಲ್ಲಿ ನೂರು ಮಂದಿ ಸ್ತ್ರೀಯರ ಪೈಕಿ ಓದು ಬರಹ ಬಲ್ಲವಳು ಸುಮಾರಾಗಿ ಒಬ್ಬಳು ಮಾತ್ರ. ಶಾಲೆಯ ಮೆಟ್ಟಿಲನ್ನು ಹತ್ತಿದ ಬಾಲಕಿಯೂ ಬಾಲ್ಯವಿವಾಹದಿಂದಾಗಿ ಓದನ್ನು ಅರ್ಧದಲ್ಲಿಯೇ ಬಿಡುವಳು. ಮನೆಯಲ್ಲಿ ಪುಸ್ತಕವಿಲ್ಲ, ಓದಬಲ್ಲ ತಾಯಿಯಿಲ್ಲ. ಕಲಿತ ಅಕ್ಷರಗಳೂ ಕ್ರಮೇಣ ಮರೆತುಹೋಗುವುವು. ಮುಂದೆ ಆಕೆಯೇ ತಾಯಿಯಾದಾಗ ಆಕೆಯ ಮಗಳಿಗೂ ಅದೇ ಗತಿ. ಮಕ್ಕಳಿಗೆ ಮಾತ್ರ ಕಲಿಸಿದರೆ ಸಾಲದು, ತಾಯಂದಿರಿಗೂ ಕಲಿಸಬೇಕು ಎಂಬುದು ಆ ಕಾಲದ ಸಮಸ್ಯೆಯ ತಿರುಳಾಗಿತ್ತು.

1917ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘವು ಜನ್ಮ ತಾಳಿತು. ಅನಿಬೆಸೆಂಟ್, ಡೊರೋಥಿ ಜಿನರಾಜದಾಸ ಮೊದಲಾದವರೊಡನೆ ಮಾರ್ಗರೆಟ್ ಅವರು ಅದರ ಸ್ಥಾಪನೆಗೆ ದುಡಿದರು. ಸಂಘದ ಶಾಖೆಗಳಲ್ಲಿ ವಯಸ್ಕ ಸ್ತ್ರೀಯರಿಗೆ ಓದು ಬರಹ, ಹೊಲಿಗೆ, ಪ್ರಥಮ ಚಿಕಿತ್ಸೆ ಇವುಗಳನ್ನು ಕಲಿಸುವ ತರಗತಿಗಳು ನಡೆದುವು. ಅದೇ ವರ್ಷ ಸರೋಜಿನಿ ನಾಯಿಡು ಅವರ ನೇತೃತ್ವದ ನಿಯೋಗವು ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು, ಭಾರತದ ಸ್ತ್ರೀಯರಿಗೂ ಮತದಾನದ ಹಕ್ಕನ್ನು ಕೇಳಿತು. ಅದರ ಹಿಂದೆಯೂ ಮಾರ್ಗರೆಟ್ ಅವರ ಶ್ರಮವಿತ್ತು.

1919ರಲ್ಲಿ ರವೀಂದ್ರನಾಥ ಠಾಕೂರರು ಮದನಪಲ್ಲಿಗೆ ದಯಮಾಡಿಸಿದರು. ಇಂದು ನಮ್ಮ ರಾಷ್ಟ್ರಗೀತೆಯಾಗಿರುವ ಹಾಡನ್ನು ಅವರು ಅಲ್ಲಿ ಹಾಡಿದಾಗ, ಮಾರ್ಗರೆಟ್ ಅವರು ಅದರ ರಾಗವನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು.

ಅದೇ ವರ್ಷ ಜೇಮ್ಸ್ ಅವರು ಜಪಾನಿನ ಕೇಯೋ ವಿಶ್ವವಿದ್ಯಾನಿಲಯಕ್ಕೆ ಅಧ್ಯಾಪಕರಾಗಿ ತೆರಳಿದರು. ಮಾರ್ಗರೆಟ್ ಅವರು ಕನ್ನಡ ನಾಡಿನ ಕರಾವಳಿಗೆ ಬಂದು, ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯ ಪ್ರಥಮ ಮುಖ್ಯೋಪಾಧ್ಯಾಯಿನಿಯಾದರು. ಹೀಗೆ ಒಂದೇ ಕುಟುಂಬದ ಇಬ್ಬರು ಎರಡು ನಾಡುಗಳ ಮಕ್ಕಳಿಗೆ ಗುರುಗಳಾದರು. ಪರನಾಡಿನವರಾದರೂ ತಮ್ಮ ನುಡಿಯೇ ಮೇಲೆಂಬ ಅಹಂಕಾರ ಅವರಲ್ಲಿರಲಿಲ್ಲ. 1924ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ಅವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದಾಗ, ಮಾತೃಭಾಷೆಯಲ್ಲಿ ಬರೆಯುವಂತೆ ಹಿತವಚನ ನುಡಿದವರು ಈ ಜೇಮ್ಸ್ ಕಸಿನ್ಸರೇ.

ಮಾರ್ಗರೆಟ್ ಅವರು ಭಾರತದ ಪ್ರಥಮ ಮಹಿಳಾ ಮ್ಯಾಜಿಸ್ಟ್ರೇಟ್ ಆಗಿಯೂ ಕೆಲಸ ಮಾಡಿದರು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಮದರಾಸು ಶಾಸನ ಸಭೆಯ ಚುನಾವಣೆಗೆ ನಿಲ್ಲಲು ಪ್ರೋತ್ಸಾಹ ನೀಡಿದರು. ಸ್ತ್ರೀಯರಿಗೆ ಬೇಕಾದ ಶಿಕ್ಷಣ ಎಂಥದೆಂಬುದನ್ನು ಸ್ತ್ರೀಯರೇ ನಿರ್ಧರಿಸಬೇಕೆಂಬುದು ಮಾರ್ಗರೆಟ್ ಅವರ ಆಶಯ. ಅದಕ್ಕಾಗಿ ಅವರು ನಾನಾ ಪ್ರಾಂತಗಳ ಮಹಿಳೆಯರಿಗೆ ಪತ್ರ ಬರೆದರು. ಅದರ ಫಲವಾಗಿ 1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನವು ಮೊದಲ ಬಾರಿಗೆ ಸೇರಿತು. ಬಾಲ್ಯವಿವಾಹವು ನಿಲ್ಲದೆ ಬಾಲಕಿಯರ ಓದು ಮುಂದುವರಿಯದು ಎಂಬುದನ್ನು ಸಮ್ಮೇಳನವು ಮನಗಂಡಿತು. ಅದರ ಪ್ರಯತ್ನದಿಂದ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಆರಂಭವಾಯಿತು.

ಅದೇ 1932ರಲ್ಲಿ ಸರ್ಕಾರದ ದಮನಕಾರಿ ಆಜ್ಞೆಗಳನ್ನು ವಿರೋಧಿಸಿ ಭಾಷಣ ಮಾಡಿದುದಕ್ಕಾಗಿ ಮಾರ್ಗರೆಟ್ ಅವರಿಗೆ ಒಂದು ವರ್ಷದ ಸೆರೆವಾಸ ಪ್ರಾಪ್ತವಾಯಿತು. ಭಾರತದ ಸ್ವಾತಂತ್ರ್ಯಕ್ಕಾಗಿ ಅವರು ವೆಲ್ಲೂರಿನ ಕಾರಾಗೃಹವನ್ನು ಸೇರಿದರು. 1936ರಲ್ಲಿ ತಾವೇ ನೆಟ್ಟು ಬೆಳೆಸಿದ ಮಹಿಳಾ ಸಮ್ಮೇಳನದ ಅಧ್ಯಕ್ಷ ಪದವಿಯು ಅವರಿಗೆ ಸಂದಿತು. ಜೀವನದ ಕೊನೆಯ ಸುಮಾರು ಹತ್ತು ವರ್ಷಗಳನ್ನು ಪಾರ್ಶ್ವವಾಯು ಪೀಡಿತರಾಗಿ ಕಳೆದರು. ತಾಯ್ನಾಡಿಗೆ ಹಿಂದಿರುಗದೆ, 1954ರ ಮಾರ್ಚ್ 11ರಂದು ಅಡ್ಯಾರಿನಲ್ಲಿಯೇ ಕಣ್ಣು ಮುಚ್ಚಿದರು.

ಅವರು ಕೈಗೊಂಡ ಕಾರ್ಯವು ಇನ್ನೂ ಮುಗಿದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಏಳು ವರ್ಷ ತುಂಬಿದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 68 ಮಂದಿ ಅಕ್ಷರಸ್ಥರು. ಉಳಿದವರಿಗೆ ಓದು ಬಾರದು. ಅಂಥವರು ನಮ್ಮ ನಮ್ಮ ಊರುಗಳಲ್ಲಿಯೇ, ಒಮ್ಮೊಮ್ಮೆ ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರಿಗೆ ಕಲಿಸಲು ಯಾರೂ ಕಡಲನ್ನು ದಾಟಿ ಬರಬೇಕಾಗಿಲ್ಲ. ಶಾಲೆಯಿಂದ ಮನೆಗೆ ಮರಳಿದ ವಿದ್ಯಾರ್ಥಿಯು ಅಜ್ಜಿಯ ಬಳಿ ಕುಳಿತು, ಆಕೆಯ ಹೆಸರನ್ನು ಆಕೆಯ ಕೈಯಿಂದಲೇ ಬರೆಯಿಸಿದರೆ, ಕಸಿನ್ಸರ ಕಾರ್ಯವು ಅಷ್ಟರಮಟ್ಟಿಗೆ ಮುಂದುವರಿಯುತ್ತದೆ.